ದವಡೆಯ ನೋವಿಗೆ ಹಲ್ಲು ತೇಯಬೇಕೆ?

ಕಷ್ಟವನ್ನು ಸಹಿಸಿಕೊಂಡವನನ್ನು ನಾವು ‘ಹಲ್ಲು ಕಚ್ಚಿ ಬಾಳಿದವನು’ ಎನ್ನುತ್ತೇವೆ; ಸಿಟ್ಟಾದವನನ್ನು ‘ಹಲ್ಲು ಕಡಿದ’ ಎನ್ನುತ್ತೇವೆ. ಊರು ಬಿಟ್ಟು ರಾಜಧಾನಿಗೆ ಬಂದು ನೆಲೆಸಿದ ನಮ್ಮಲ್ಲಿ ಅನೇಕರಿಗೆ ಇವು ಬರಿಯ ನುಡಿಗಟ್ಟುಗಳಲ್ಲ, ದಿನನಿತ್ಯದ ಅನುಭವ. ಬೆಳಿಗ್ಗೆ ಏಳುವಾಗ ಕಿವಿಯ ಮುಂದೆ ನೋವು, ಆಕಳಿಸಿದರೆ ದವಡೆಯ ಕೀಲಿನಲ್ಲಿ ‘ಟಕ್’ ಎಂಬ ಸದ್ದು, ನಿಪ್ಪಟ್ಟು ಕೋಡುಬಳೆಗಳನ್ನು ಕಡಿಯಲು ಹಿಂಜರಿಕೆ, ಸಂಜೆಯ ವೇಳೆಗೆ ಕಪಾಲದ ನೋವು - ಇಂತಹ ದೂರುಗಳನ್ನು ಹೇಳುವವರು ನಮ್ಮ ಸಂಘದ ಪ್ರತಿಯೊಂದು ಸಮಾರಂಭದಲ್ಲಿಯೂ ಸಿಗುತ್ತಾರೆ. ಅವರಲ್ಲಿ ಕೆಲವರು ದಂತವೈದ್ಯರಲ್ಲಿಗೆ ಹೋದಾಗ ಕೇಳಿಬರುವ ಉತ್ತರವೂ ಒಂದೇ ಬಗೆಯದು: “ನಿಮ್ಮ ಕಚ್ಚು ಸರಿಯಾಗಿಲ್ಲ. ಕೆಳದವಡೆ ತನ್ನ ಸ್ಥಾನದಲ್ಲಿಲ್ಲ. ಹಲ್ಲುಗಳನ್ನು ತೇದು, ಕ್ರೌನ್ ಹಾಕಿ ಸರಿಪಡಿಸಬೇಕು.”

ಈ ಉತ್ತರವನ್ನು ಅವಸರದಲ್ಲಿ ಒಪ್ಪಿಕೊಳ್ಳಬಾರದು ಎಂಬುದನ್ನು ಸಕಾರಣವಾಗಿ ನಿವೇದಿಸುವುದೇ ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ, ಬ್ಯಾಂಕೊಂದರಲ್ಲಿ ಅಧಿಕಾರಿ. ನನಗೆ ಈ ವಿಷಯದ ಪರಿಚಯವಾದದ್ದು ಸಾಲದ ಅರ್ಜಿಯೊಂದರ ಮೂಲಕ. ದ್ವಾರಕಾದಲ್ಲಿ ವಾಸವಾಗಿರುವ ಬಂಧುವೊಬ್ಬರು ಒಂದು ದಿನ ಚಿಕಿತ್ಸಾಲಯದ ಅಂದಾಜುಪಟ್ಟಿಯನ್ನು ಹಿಡಿದು ನನ್ನಲ್ಲಿಗೆ ಬಂದರು. ಶಾಲಾಶಿಕ್ಷಕಿಯಾದ ಅವರ ಪತ್ನಿಗೆ ಕೆಲವು ತಿಂಗಳುಗಳಿಂದ ದವಡೆಯ ನೋವು. ದವಡೆಯನ್ನು ಹೊಸ ಸ್ಥಾನಕ್ಕೆ ತರಲು ಇಪ್ಪತ್ತು ಹಲ್ಲುಗಳನ್ನು ತೇದು ಕ್ರೌನ್ ಹಾಕಬೇಕೆಂದು ಪಟ್ಟಿಯಲ್ಲಿತ್ತು. ಒಟ್ಟು ವೆಚ್ಚ ನಾಲ್ಕು ಲಕ್ಷ ರೂಪಾಯಿಗಳಿಗೂ ಮಿಕ್ಕಿತ್ತು. ಆ ಇಪ್ಪತ್ತು ಹಲ್ಲುಗಳಲ್ಲಿ ಒಂದಕ್ಕಾದರೂ ಹುಳುಕು ಹಿಡಿದಿರಲಿಲ್ಲ! ಸಾಲ ಮಂಜೂರು ಮಾಡಿಸುವುದು ಕಷ್ಟವಿರಲಿಲ್ಲ. ಆದರೆ ಯಾವ ಆಧಾರದ ಮೇಲೆ ಈ ಖರ್ಚು ಎಂಬ ಪ್ರಶ್ನೆ ನನ್ನನ್ನು ಓದಿಗೆ ಹಚ್ಚಿತು.

ದವಡೆಯ ಕೀಲಿನ ರಚನೆ

ವಿಷಯವನ್ನು ವಿವೇಚಿಸುವ ಮುನ್ನ ಕೀಲಿನ ಸ್ವರೂಪವನ್ನು ತಿಳಿಯುವುದು ಅವಶ್ಯ. ಕೆಳದವಡೆಯು ಕುದುರೆಯ ಲಾಳದಂತಿರುವ ಒಂದೇ ಮೂಳೆ. ಅದು ಎರಡು ಕಿವಿಗಳ ಮುಂಭಾಗದಲ್ಲಿ, ಎರಡು ಕೀಲುಗಳ ಮೂಲಕ ತಲೆಬುರುಡೆಗೆ ಹೊಂದಿಕೊಂಡಿದೆ. ಒಂದು ಕೀಲು ಚಲಿಸಿದರೆ ಇನ್ನೊಂದೂ ಚಲಿಸಲೇಬೇಕು. ಬಾಯಿ ತೆರೆಯುವಾಗ ಈ ಕೀಲು ಮೊದಲು ಬಾಗಿಲ ತಿರುಗಣೆಯಂತೆ ತಿರುಗಿ, ಅನಂತರ ಮುಂದಕ್ಕೆ ಜಾರುತ್ತದೆ. ಮೂಳೆಗಳ ನಡುವೆ ಮೃದುವಾದ ಬಿಲ್ಲೆಯೊಂದಿದೆ. ಅದು ಸ್ವಲ್ಪ ಸರಿದಾಗ ಕೇಳಿಬರುವುದೇ ಆ ‘ಟಕ್’ ಸದ್ದು. ನೋವಿಲ್ಲದ ಬರಿಯ ಸದ್ದು ಆರೋಗ್ಯವಂತರಲ್ಲಿಯೂ ಬಹಳವಾಗಿ ಕಂಡುಬರುವುದರಿಂದ ಅದಕ್ಕೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಿಲ್ಲ. ವಯಸ್ಕರು ಸಾಮಾನ್ಯವಾಗಿ 40ರಿಂದ 55 ಮಿಲಿಮೀಟರಿನಷ್ಟು ಬಾಯಿ ತೆರೆಯಬಲ್ಲರು. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ಇದನ್ನು ಯಾರಾದರೂ ನೋಡಿಕೊಳ್ಳಬಹುದು.

ಇನ್ನೊಂದು ಸಂಗತಿ ನನ್ನನ್ನು ಆಶ್ಚರ್ಯಗೊಳಿಸಿತು. ವಿಶ್ರಾಂತಿಯಲ್ಲಿರುವಾಗ ಮೇಲಿನ ಹಾಗೂ ಕೆಳಗಿನ ಹಲ್ಲುಗಳು ಒಂದನ್ನೊಂದು ತಾಗಿರಬಾರದು. ಅವುಗಳ ನಡುವೆ 2ರಿಂದ 4 ಮಿಲಿಮೀಟರಿನಷ್ಟು ಎಡೆ ಇರಬೇಕು. ಅಗಿಯುವಾಗ ಮತ್ತು ನುಂಗುವಾಗ ಹಲ್ಲುಗಳು ಪರಸ್ಪರ ತಾಗುವ ಹೊತ್ತನ್ನೆಲ್ಲ ಕೂಡಿಸಿದರೂ ದಿನಕ್ಕೆ ಅರ್ಧ ಗಂಟೆಯಾಗದು. ಆದರೆ ಲೆಕ್ಕಪತ್ರಗಳ ಮುಂದೆ, ವಾಹನಗಳ ದಟ್ಟಣೆಯಲ್ಲಿ, ಮೊಬೈಲ್ ಪರದೆಯ ಮುಂದೆ ಅರಿವಿಲ್ಲದೆಯೇ ಗಂಟೆಗಟ್ಟಲೆ ಹಲ್ಲು ಬಿಗಿಹಿಡಿಯುವವರು ಎಷ್ಟೋ ಮಂದಿ. ಹೀಗೆ ದುಡಿಸಿಕೊಂಡ ಸ್ನಾಯುಗಳು ನೋಯುವುದರಲ್ಲಿ ಅಚ್ಚರಿಯೇನಿದೆ?

ಕಚ್ಚಿನ ಪರೀಕ್ಷೆ ಎಲ್ಲಿ ಅವಶ್ಯ

ಹಲ್ಲುಗಳ ಹೊಂದಾಣಿಕೆಯ ಪರೀಕ್ಷೆಯೇ ನಿರರ್ಥಕವೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ಮೊದಲ ದವಡೆಹಲ್ಲುಗಳು ಪರಸ್ಪರ ಕೂಡುವ ರೀತಿಯನ್ನಾಧರಿಸಿ ಹಲ್ಲುಗಳ ವಕ್ರತೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಇಂದಿಗೂ ಮಕ್ಕಳ ಹಲ್ಲಿಗೆ ತಂತಿ ಕಟ್ಟುವ ವೈದ್ಯರು ಆ ವಿಂಗಡಣೆಯನ್ನು ಬಳಸುತ್ತಾರೆ. ಹಲ್ಲುಗಳೆಲ್ಲ ಬಿದ್ದುಹೋದ ವೃದ್ಧರಿಗೆ ಕಟ್ಟುಹಲ್ಲು ಮಾಡುವಾಗ ದವಡೆಯ ಸ್ಥಾನವನ್ನು ಅಳೆಯದೆ ಗತ್ಯಂತರವಿಲ್ಲ; ಮಾರ್ಗದರ್ಶನಕ್ಕೆ ಹಲ್ಲುಗಳೇ ಇಲ್ಲದಿರುವಾಗ ಕೀಲೇ ಆಧಾರ. ಅಪಘಾತದಲ್ಲಿ ದವಡೆ ಮುರಿದಾಗ, ಹೊಸದಾಗಿ ತುಂಬಿಸಿದ ಹಲ್ಲು ಎತ್ತರವಾಗಿ ತಾಗುವಾಗ, ಹಲವು ಹಲ್ಲುಗಳನ್ನು ಕಳೆದುಕೊಂಡವರಿಗೆ ಬ್ರಿಜ್ ಕಟ್ಟುವಾಗ ಈ ಪರೀಕ್ಷೆ ಅತ್ಯವಶ್ಯ. ಇಂತಹ ಕೆಲಸವನ್ನು ಶ್ರದ್ಧೆಯಿಂದ ಮಾಡುವ ದಂತವೈದ್ಯರು ನಮ್ಮವರಲ್ಲಿಯೂ ಇದ್ದಾರೆ. 1958ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯಕೀಯ ಕಾಲೇಜು, 1965ರಲ್ಲಿ ಮಣಿಪಾಲದ ಕಾಲೇಜು ಆರಂಭವಾದಂದಿನಿಂದ ಈ ವಿದ್ಯೆಯಲ್ಲಿ ಕರ್ನಾಟಕದ ಹೆಸರು ದೊಡ್ಡದು.

ನನ್ನ ಆಕ್ಷೇಪವಿರುವುದು ಬೇರೊಂದು ವಿಷಯದಲ್ಲಿ. ಹಲ್ಲುಗಳು ಗಟ್ಟಿಯಾಗಿವೆ, ಅಗಿಯಲು ತೊಂದರೆಯಿರಲಿಲ್ಲ, ದವಡೆ ಮಾತ್ರ ನೋಯುತ್ತಿದೆ; ಅಂತಹವರ ನೋವಿಗೆ ಕಚ್ಚೇ ಕಾರಣವೆಂದು ನಿರ್ಣಯಿಸಿ, ಹಲ್ಲುಗಳನ್ನು ಶಾಶ್ವತವಾಗಿ ಬದಲಿಸುವ ಪದ್ಧತಿಯೇ ನನ್ನ ಆಕ್ಷೇಪದ ವಿಷಯ.

ನಂಬಿಕೆ ಬೆಳೆದು ಬಂದ ದಾರಿ

ಈ ನಂಬಿಕೆ ವ್ಯಾಪಕವಾದದ್ದು 1934ರ ಅನಂತರ. ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ, ಮೂಗು, ಗಂಟಲು ವೈದ್ಯ ಜೇಮ್ಸ್ ಕಾಸ್ಟನ್, ತಮ್ಮ ಹನ್ನೊಂದು ರೋಗಿಗಳ ಆಧಾರದ ಮೇಲೆ, ಹಿಂಬದಿಯ ಹಲ್ಲುಗಳಿಲ್ಲದೆ ದವಡೆ ಅತಿಯಾಗಿ ಮುಚ್ಚಿಕೊಳ್ಳುವುದರಿಂದ ಕಿವಿಯ ಮತ್ತು ತಲೆಯ ನೋವು ಬರುತ್ತದೆಂದು ಆ ವರ್ಷ ಬರೆದರು. ಅವರು ನೀಡಿದ ಅಂಗರಚನಾತ್ಮಕ ವಿವರಣೆ ಮುಂದೆ ನಿಲ್ಲಲಿಲ್ಲ. ಆದರೆ ಅವರ ವಿಚಾರ ದಂತವೈದ್ಯರಲ್ಲಿ ಬೇರೂರಿತು. ದವಡೆಗೆ ‘ಸೆಂಟ್ರಿಕ್ ರಿಲೇಶನ್’ ಎಂಬ ಆದರ್ಶ ಸ್ಥಾನವೊಂದಿದೆ, ಹಲ್ಲುಗಳೆಲ್ಲ ಆ ಸ್ಥಾನದಲ್ಲಿಯೇ ಕೂಡಬೇಕು, ಕೂಡದಿದ್ದರೆ ತೇದು ಕೂಡಿಸಬೇಕು ಎಂಬ ಸಿದ್ಧಾಂತಕ್ಕೆ ಪ್ರಾಬಲ್ಯ ಬಂದಿತು.

ಆದರೆ ಆ ಆದರ್ಶ ಸ್ಥಾನ ಯಾವುದು? ಕೃತಕ ದಂತಶಾಸ್ತ್ರದ ಪಾರಿಭಾಷಿಕ ಪದಕೋಶವು 1956ರಲ್ಲಿ ಮೊದಲು ಪ್ರಕಟವಾಯಿತು. ಹಿಂದಿನ ಆವೃತ್ತಿಗಳಲ್ಲಿ ಅದು ಕೀಲಿನ ಅತ್ಯಂತ ಹಿಂದಿನ ಸ್ಥಾನವೆಂದಿದ್ದದ್ದು, 1987ರ ಆವೃತ್ತಿಯಲ್ಲಿ ಮುಂದಿನ ಹಾಗೂ ಮೇಲಿನ ಸ್ಥಾನವಾಯಿತು. 2005ರ ಆವೃತ್ತಿಯಲ್ಲಿ ಆ ಒಂದೇ ಪದಕ್ಕೆ ಏಳು ವಿವರಣೆಗಳಿದ್ದವು! ಶಾಸ್ತ್ರದಲ್ಲಿ ಪರಿಷ್ಕಾರವಾಗುವುದು ತಪ್ಪಲ್ಲ, ಅದು ಶಾಸ್ತ್ರದ ಲಕ್ಷಣವೇ. ಬ್ಯಾಂಕಿನಲ್ಲಿಯೂ ಸುತ್ತೋಲೆಗಳು ಬದಲಾಗುತ್ತವೆ. ಆಗ ಹಳೆಯ ನಮೂದನ್ನು ವಿರುದ್ಧ ನಮೂದಿನಿಂದ ಸರಿಪಡಿಸಬಹುದು. ಆದರೆ ಹಳೆಯ ವಿವರಣೆಗೆ ಅನುಗುಣವಾಗಿ ತೇಯಲ್ಪಟ್ಟ ಹಲ್ಲನ್ನು ಯಾವ ನಮೂದಿನಿಂದ ಮರಳಿ ತರೋಣ? ಹಲ್ಲಿನ ಹೊರಕವಚವಾದ ಎನಾಮೆಲನ್ನು ನಿರ್ಮಿಸುವ ಜೀವಕೋಶಗಳು ಹಲ್ಲು ಮೂಡುವ ವೇಳೆಗೇ ಇಲ್ಲವಾಗುತ್ತವೆ. ತೇದದ್ದನ್ನು ಶರೀರ ಮತ್ತೆ ಬೆಳೆಸಲಾರದು.

ಈ ಸಿದ್ಧಾಂತವನ್ನು ಮೊದಲು ಗಂಭೀರವಾಗಿ ಪ್ರಶ್ನಿಸಿದವರೂ ದಂತವೈದ್ಯರೇ ಎಂಬುದನ್ನು ಮರೆಯಬಾರದು. ನೋವಿನ ಮೂಲ ಬಹುಮಟ್ಟಿಗೆ ಸ್ನಾಯುಗಳ ಬಿಗಿತದಲ್ಲಿ, ಮನಸ್ಸಿನ ಒತ್ತಡದಲ್ಲಿ ಇದೆಯೆಂದು 1969ರಲ್ಲಿ ಷಿಕಾಗೋ ನಗರದ ಡೇನಿಯಲ್ ಲಾಸ್ಕಿನ್ ಪ್ರತಿಪಾದಿಸಿದರು. 1976ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ಪ್ರಯೋಗವೊಂದು ಅತ್ಯಂತ ಬೋಧಪ್ರದವಾಗಿದೆ. ದವಡೆಯ ನೋವಿದ್ದ 25 ಮಂದಿಗೆ ಅವರು ಹಲ್ಲು ತೇಯುವ ಚಿಕಿತ್ಸೆಯನ್ನು ಮಾಡಿದಂತೆ ನಟಿಸಿದರು. ವಾಸ್ತವವಾಗಿ ಕಚ್ಚನ್ನು ಬದಲಿಸಲೇ ಇಲ್ಲ. ಅವರಲ್ಲಿ 16 ಮಂದಿ ತಮ್ಮ ನೋವು ಪೂರ್ಣವಾಗಿ ಅಥವಾ ಬಹುತೇಕ ಹೋಯಿತೆಂದರು. ‘ಹಲ್ಲು ತೇಯಿಸಿಕೊಂಡ ಮೇಲೆ ನನಗೆ ಗುಣವಾಯಿತು’ ಎಂಬ ಸಾಕ್ಷ್ಯವನ್ನು ನಾವು ಎಷ್ಟರಮಟ್ಟಿಗೆ ನೆಚ್ಚಬೇಕು ಎಂಬುದನ್ನು ಇದು ತೋರಿಸುತ್ತದೆ. ಹೇಳುವವರು ಸುಳ್ಳಾಡುತ್ತಿಲ್ಲ, ನೋವು ಹೋದದ್ದು ನಿಜ. ಆದರೆ ಹೋದದ್ದು ತೇದದ್ದರಿಂದಲೇ ಎಂಬುದಕ್ಕೆ ಪ್ರಮಾಣವಿಲ್ಲ.

ಆ ಮೇಲಿನ ವರ್ಷಗಳಲ್ಲಿ ಅಭಿಪ್ರಾಯ ಇನ್ನಷ್ಟು ದೃಢವಾಯಿತು. ಮೊದಲು ಹಿಂತೆಗೆಯಬಲ್ಲ ಸೌಮ್ಯ ಚಿಕಿತ್ಸೆಗಳನ್ನೇ ನೀಡಬೇಕೆಂದು 1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆ ಸೂಚಿಸಿತು. 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ರೋಗನಿರ್ಣಯ ಮಾನದಂಡಗಳಲ್ಲಿ ಸ್ನಾಯುಗಳನ್ನು ಒತ್ತಿ ನೋಡುವುದು, ಬಾಯಿ ತೆರೆಯುವ ಅಳತೆ ಹಾಗೂ ರೋಗಿಯ ಮಾನಸಿಕ ಒತ್ತಡಗಳಿಗೆ ಸ್ಥಾನವಿದೆ. ಹಲ್ಲುಗಳ ಹೊಂದಾಣಿಕೆಯ ದೋಷವನ್ನು ರೋಗದ ಮಾನದಂಡವಾಗಿ ಇರಿಸಿಲ್ಲ. 2023ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿಯು, ದೀರ್ಘಕಾಲದ ದವಡೆನೋವಿಗೆ ದವಡೆಯ ವ್ಯಾಯಾಮ, ಸ್ನಾಯುಗಳನ್ನು ಒತ್ತಿ ನೀಡುವ ಚಿಕಿತ್ಸೆ, ಧೈರ್ಯ ಹೇಳಿ ತಿಳಿವಳಿಕೆ ನೀಡುವುದು, ಆಲೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಮನಶ್ಶಾಸ್ತ್ರೀಯ ಚಿಕಿತ್ಸೆ ಇವುಗಳನ್ನು ಬಲವಾಗಿ ಶಿಫಾರಸು ಮಾಡಿತು. ಹಲ್ಲುಗಳನ್ನು ಶಾಶ್ವತವಾಗಿ ಸರಿಸುವ ಸ್ಪ್ಲಿಂಟುಗಳನ್ನು ಅಷ್ಟೇ ಬಲವಾಗಿ ವಿರೋಧಿಸಿತು. ರಾತ್ರಿ ಧರಿಸಿ ಬೆಳಿಗ್ಗೆ ತೆಗೆಯುವ ಸಾಮಾನ್ಯ ಸ್ಪ್ಲಿಂಟನ್ನು ಕುರಿತು ಕೂಡ ಅದು ಉತ್ಸಾಹ ತೋರಲಿಲ್ಲ.

ಸಲಹೆಯ ಹಿಂದಿನ ಕಾರಣಗಳು

ಹೀಗಿದ್ದರೂ ನಮ್ಮ ನಗರಗಳಲ್ಲಿ ಹಳೆಯ ಸಲಹೆ ಕೇಳಿಬರುವುದೇಕೆ? ಎಲ್ಲರನ್ನೂ ದುರಾಶೆಯವರೆಂದು ದೂಷಿಸುವುದು ಅನ್ಯಾಯ. ಬಾಲ್ಯದ ಪಾಠದಂತೆ ಕಾಲೇಜಿನ ಪಾಠವೂ ಬೇಗನೆ ಅಳಿಯುವುದಿಲ್ಲ. ಅಲ್ಲದೆ ಕಚ್ಚಿನ ದೋಷವನ್ನು ಕಣ್ಣಿಗೆ ಕಾಣುವಂತೆ ತೋರಿಸಬಹುದು. ಬಣ್ಣದ ಕಾಗದವೊಂದನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿದರೆ, ನಮ್ಮ ಹಳೆಯ ಕಾರ್ಬನ್ ಕಾಗದದಂತೆ, ತಾಗಿದಲ್ಲೆಲ್ಲ ಗುರುತು ಮೂಡುತ್ತದೆ. ದೊಡ್ಡ ಗುರುತನ್ನು ತೋರಿಸಿ ‘ಇಲ್ಲಿ ಒತ್ತಡ ಹೆಚ್ಚು’ ಎಂದರೆ ರೋಗಿ ನಂಬುತ್ತಾನೆ. ಆದರೆ ಗುರುತಿನ ಗಾತ್ರಕ್ಕೂ ನಿಜವಾದ ಒತ್ತಡಕ್ಕೂ ನಂಬಲರ್ಹ ಸಂಬಂಧವಿಲ್ಲವೆಂದು ಅಳತೆಗಳು ತೋರಿಸಿವೆ. ಇನ್ನು, ಹುಡುಕಿದರೆ ಕಚ್ಚಿನಲ್ಲಿ ಸಣ್ಣಪುಟ್ಟ ದೋಷವಿಲ್ಲದವರು ಯಾರಿದ್ದಾರೆ? ನೋವಿಲ್ಲದವರಲ್ಲಿಯೂ ಅದೇ ದೋಷಗಳಿರುವಾಗ ಅವನ್ನೇ ನೋವಿನ ಕಾರಣವೆನ್ನುವುದು ತರ್ಕಸಮ್ಮತವಲ್ಲ.

ಮತ್ತೊಂದು ಕಾರಣ ಹಣಕಾಸಿನದು. ಅದನ್ನು ಹೇಳಲು ನನಗೆ ಸ್ವಲ್ಪ ಅಧಿಕಾರವಿದೆ. ಅರ್ಧ ಗಂಟೆ ಕುಳಿತು ರೋಗಿಯ ನಿದ್ರೆ, ಚಿಂತೆ, ಅಭ್ಯಾಸಗಳನ್ನು ವಿಚಾರಿಸುವ ವೈದ್ಯರಿಗೆ ಸಿಗುವುದು ಸಮಾಲೋಚನೆಯ ಶುಲ್ಕ ಮಾತ್ರ. ಇಪ್ಪತ್ತು ಕ್ರೌನ್ ಹಾಕುವವರಿಗೆ ಲಕ್ಷಗಳು. ದಕ್ಷಿಣ ದೆಹಲಿ, ಗುರುಗ್ರಾಮ, ನೋಯ್ಡಾಗಳ ದುಬಾರಿ ಬಾಡಿಗೆ ಮತ್ತು ಯಂತ್ರಗಳ ಸಾಲದ ಕಂತುಗಳು ಯಾವ ಕಡೆಗೆ ತಕ್ಕಡಿಯನ್ನು ವಾಲಿಸುತ್ತವೆಂಬುದನ್ನು ಊಹಿಸಬಹುದು. ಠೇವಣಿ ಇಡಲು ಬಂದ ನಿವೃತ್ತರಿಗೆ ವಿಮೆಯ ಪಾಲಿಸಿಯನ್ನು ಮಾರುವಂತೆ ನಮ್ಮ ಬ್ಯಾಂಕಿಂಗ್ ಕ್ಷೇತ್ರದಲ್ಲಿ ಗುರಿಗಳು ಹೇಗೆ ಒತ್ತಾಯಿಸುತ್ತವೆಂಬುದನ್ನು ಬಲ್ಲವನು ನಾನು. ಮಾರುವವನು ಕೆಟ್ಟವನಾಗಿರಬೇಕಿಲ್ಲ, ವ್ಯವಸ್ಥೆಯೇ ಅವನನ್ನು ಆ ಕಡೆಗೆ ತಳ್ಳುತ್ತದೆ. ಆದ್ದರಿಂದ ಎಚ್ಚರಿಕೆ ಕೊಳ್ಳುವವನಲ್ಲಿಯೂ ಇರಬೇಕು.

ಮೇಲೆ ಹೇಳಿದ ಶಿಕ್ಷಕಿಯವರು ಸಾಲ ಪಡೆಯಲಿಲ್ಲ. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಎರಡನೆಯ ಅಭಿಪ್ರಾಯ ಪಡೆದರು. ಅಲ್ಲಿನ ವೈದ್ಯರು ಕೆನ್ನೆಯ ಮತ್ತು ಕಪಾಲದ ಸ್ನಾಯುಗಳನ್ನು ಒತ್ತಿ ನೋಡಿ, ಬಾಯಿ ತೆರೆಯುವುದನ್ನು ಅಳೆದು, ನಿದ್ರೆಯ ಬಗ್ಗೆ ವಿಚಾರಿಸಿ, ಮೃದು ಆಹಾರ, ಬಿಸಿ ಶಾಖ ಮತ್ತು ದಿನವೂ ಮಾಡಬೇಕಾದ ಸರಳ ವ್ಯಾಯಾಮಗಳನ್ನು ಹೇಳಿಕೊಟ್ಟರು. ನಾಲ್ಕು ತಿಂಗಳಲ್ಲಿ ನೋವು ಬಹುಮಟ್ಟಿಗೆ ಇಳಿಯಿತು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ದಿನಗಳಲ್ಲಿ ಈಗಲೂ ಒಮ್ಮೊಮ್ಮೆ ಬರುತ್ತದೆಯಂತೆ. ಒಬ್ಬರ ಅನುಭವ ಪ್ರಮಾಣವಾಗದೆಂಬುದು ನಿಜ. ಆದರೆ ನೋವು ಇಳಿಯದೆ ಹೋಗಿದ್ದರೂ ಅವರ ಇಪ್ಪತ್ತು ಹಲ್ಲುಗಳು ಅವರ ಬಳಿಯಲ್ಲಿಯೇ ಇರುತ್ತಿದ್ದವು. ಎರಡು ದಾರಿಗಳ ನಡುವಣ ವ್ಯತ್ಯಾಸ ಇದೇ.

ವಾಚಕರಿಗೆ ಕೆಲವು ಸೂಚನೆಗಳು

ಇಂತಹ ಸಲಹೆ ದೊರೆತಾಗ ವೈದ್ಯರನ್ನು ವಿನಯದಿಂದ ನಾಲ್ಕು ಪ್ರಶ್ನೆ ಕೇಳಬೇಕು. ನನ್ನ ನೋವು ಸ್ನಾಯುವಿನದೋ, ಕೀಲಿನದೋ, ಹಲ್ಲಿನದೋ? ಈ ಚಿಕಿತ್ಸೆಯನ್ನು ಬೇಡವೆಂದಾಗ ಹಿಂತೆಗೆಯಬಹುದೇ? ಇದಕ್ಕಿಂತ ಸೌಮ್ಯವಾದ ಉಪಾಯಗಳನ್ನು ಮೊದಲು ಏಕೆ ನೋಡಬಾರದು? ಏನೂ ಮಾಡದೆ ಮೂರು ತಿಂಗಳು ಕಾದರೆ ಆಗುವ ಹಾನಿಯೇನು? ಉತ್ತಮ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ.

ಹೀಗೆ ಕೇಳುವುದು ನಮ್ಮ ಹಕ್ಕೂ ಹೌದು. ದೆಹಲಿಯ ರೋಗಿಯೊಬ್ಬರ ಪ್ರಕರಣದಲ್ಲಿ 2008ರ ಜನವರಿ 16ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಇದನ್ನು ಸ್ಪಷ್ಟಪಡಿಸಿದೆ. ಅದನ್ನು ಬರೆದವರು ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪರ್ಯಾಯಗಳು, ಮುಖ್ಯ ಅಪಾಯಗಳು ಹಾಗೂ ನಿರಾಕರಿಸಿದರೆ ಆಗುವ ಪರಿಣಾಮ ಇವನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದೂ, ಪರೀಕ್ಷೆಗೆ ನೀಡಿದ ಒಪ್ಪಿಗೆ ಚಿಕಿತ್ಸೆಗೆ ನೀಡಿದ ಒಪ್ಪಿಗೆಯಾಗದೆಂದೂ ಅದು ಸಾರಿತು. ಎರಡನೆಯ ಅಭಿಪ್ರಾಯಕ್ಕೆ ದೆಹಲಿಯವರಿಗೆ ಅನುಕೂಲಗಳಿಗೇನೂ ಕೊರತೆಯಿಲ್ಲ. ಅನ್ಸಾರಿ ನಗರದ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ದಂತ ಕೇಂದ್ರವಿದೆ. 1983ರಲ್ಲಿ ವೈದ್ಯಕೀಯ ಕಾಲೇಜಿನ ದಂತ ವಿಭಾಗವಾಗಿ ಆರಂಭವಾಗಿ ಬೆಳೆದ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆಯಿದೆ. ಸಾಲಿನಲ್ಲಿ ನಿಲ್ಲಬೇಕಾದೀತು, ನಾಲ್ಕು ಲಕ್ಷ ರೂಪಾಯಿಗಳ ಮುಂದೆ ಅರ್ಧ ದಿನದ ರಜೆ ದೊಡ್ಡದಲ್ಲ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ‘ನ’ ಎಂದು ಉಚ್ಚರಿಸಿ ನಾಲಿಗೆಯನ್ನು ಅಲ್ಲಿಯೇ ನಿಲ್ಲಿಸಿರಿ. ತುಟಿಗಳು ಕೂಡಿರಲಿ, ಹಲ್ಲುಗಳು ಬಿಡಿಯಾಗಿರಲಿ. ದವಡೆಯ ಸಹಜ ವಿಶ್ರಾಂತ ಸ್ಥಾನ ಇದೇ. ಗಂಟೆಗೊಮ್ಮೆ ಇದನ್ನು ನೆನಪಿಸಿಕೊಂಡರೆ ಬಿಗಿಹಿಡಿಯುವ ಅಭ್ಯಾಸ ಕ್ರಮೇಣ ತಗ್ಗುತ್ತದೆ. ನೋವಿರುವಷ್ಟು ದಿನ ಚಕ್ಕುಲಿ, ಕಬ್ಬು, ಚ್ಯೂಯಿಂಗ್ ಗಮ್ ಬೇಡ. ಆಕಳಿಸುವಾಗ ಗಲ್ಲಕ್ಕೆ ಕೈಯಾಸರೆ ಕೊಡಬೇಕು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಳ್ಳಬಾರದು.

ಆದರೆ ದವಡೆಯ ತೊಂದರೆಗಳೆಲ್ಲವೂ ಕಾಯಬಹುದಾದವುಗಳಲ್ಲ. ಎದೆಯ ಒತ್ತಡ, ಬೆವರು, ಉಸಿರಾಟದ ಕಷ್ಟದೊಡನೆ ಬರುವ ದವಡೆನೋವು ಹೃದಯಾಘಾತದ ಸೂಚನೆಯಾಗಿರಬಹುದು. ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಐವತ್ತು ದಾಟಿದವರಿಗೆ ಹೊಸದಾಗಿ ಕಪಾಲದ ನೋವು ಬಂದು, ಅಗಿಯುವಾಗ ದವಡೆ ಸೋತು, ದೃಷ್ಟಿ ಮಂಜಾದರೆ ತಡಮಾಡಬಾರದು. ಅಡಿಕೆ, ಗುಟ್ಕಾ ಜಗಿಯುವವರ ಬಾಯಿ ದಿನೇ ದಿನೇ ಕಿರಿದಾಗುತ್ತ ಬಂದರೆ ಅದು ಕಚ್ಚಿನ ದೋಷವಲ್ಲ. ಬಾಯಿಯ ಒಳಪದರ ನಾರುಗಟ್ಟುವ ಆ ರೋಗ ಅರ್ಬುದಕ್ಕೆ ತಿರುಗಬಲ್ಲದು. ಅಡಿಕೆಯ ನಾಡಿನಿಂದ ಬಂದ ನಾವು ಇದನ್ನು ಹೇಳಲು ಸಂಕೋಚಪಡಬಾರದು.

ನಮ್ಮ ಸಂಘವು ವೈದ್ಯಕೀಯ ಶಿಬಿರಗಳನ್ನು ಏರ್ಪಡಿಸುವಾಗ ಹಲ್ಲು ಎಣಿಸಿ ಪೇಸ್ಟು ಹಂಚುವುದಷ್ಟಕ್ಕೇ ನಿಲ್ಲದೆ, ಚಿಕಿತ್ಸೆಯ ಅಂದಾಜುಪಟ್ಟಿಗಳನ್ನು ಹಿಡಿದು ಬಂದ ಸದಸ್ಯರಿಗೆ ಯಾವುದೇ ಚಿಕಿತ್ಸಾಲಯಕ್ಕೆ ಸೇರದ ಹಿರಿಯ ದಂತವೈದ್ಯರೊಬ್ಬರಿಂದ ಉಚಿತ ಅಭಿಪ್ರಾಯ ದೊರೆಯುವಂತೆ ಮಾಡಿದರೆ ಅದೊಂದು ದೊಡ್ಡ ಸೇವೆಯಾದೀತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಸಂಬಳವೂ ಸಾಲವೂ ಸುಲಭವಾಗಿ ಸಿಗುವ ಈ ಕಾಲದಲ್ಲಿ, ಗಟ್ಟಿಯಾದ ಹಲ್ಲುಗಳನ್ನು ಹಣ ಕೊಟ್ಟು ತೇಯಿಸಿಕೊಳ್ಳುವ ಮೊದಲು ಇನ್ನೊಬ್ಬ ವೈದ್ಯರನ್ನು ಕೇಳುವಷ್ಟು ತಾಳ್ಮೆ ನಮಗಿರಲಿ.